ಈಶಾನ್ಯ ಮೂಲೆಯ ಕಪ್ಪು ಅಂಚು

ಮುನಿಯಕ್ಕನ ಬೆರಳಚ್ಚನ್ನು ರೇಷನ್ ಅಂಗಡಿಯ ಯಂತ್ರ ಮೊದಲ ಸಲಕ್ಕೇ ಒಪ್ಪಿಕೊಂಡದ್ದು ಯಾರಿಗೂ ನೆನಪಿಲ್ಲ. ಹೆಬ್ಬೆರಳು ಇಟ್ಟರೆ ಕೆಂಪು ದೀಪ, ತೋರುಬೆರಳು ಇಟ್ಟರೂ ಕೆಂಪು ದೀಪ. ಹತ್ತೂ ಬೆರಳು ಮುಗಿದ ಮೇಲೆ ಅಂಗಡಿಯವನು ನಿಮ್ಮ ಕೈಯಲ್ಲಿ ಗೆರೆಯೇ ಇಲ್ಲವಲ್ಲಮ್ಮ ಎಂದು ಗೊಣಗುತ್ತಿದ್ದ. ಗೆರೆ ಬೇಕಿದ್ದರೆ ಚಾಮರಾಜಪೇಟೆಗೋ ಬಸವನಗುಡಿಗೋ ಹೋಗಿ ಅಲ್ಲಿಯ ಮನೆಗಳ ನೆಲ ತಡವಿ ನೋಡು, ಎಲ್ಲ ಅಲ್ಲೇ ಬಿದ್ದಿವೆ ಎಂದು ಅವಳು ಚೀಲ ಮುಂದೆ ಚಾಚುತ್ತಿದ್ದಳು.

ಅವಳದು ಕೆಂಪು ಗಾರೆ ನೆಲದ ಕಸುಬು. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಹದವಾಗಿ ಹರಡಿ, ಇನ್ನೂ ಹಸಿಯಿರುವಾಗಲೇ ನುಣ್ಣನೆಯ ಗುಂಡುಕಲ್ಲಿನಿಂದ ಮುಖ ಕಾಣುವ ತನಕ ಉಜ್ಜುವ ಕೆಲಸ. ಹೆಸರಿಗೆ ಮೇಸ್ತ್ರಿ ಅಂದರೆ ಅವಳ ಗಂಡ ಮರಿಯಣ್ಣ. ಕರಣೆ ಹಿಡಿಯುವವನು ಅವನು, ಮನೆಯವರೊಡನೆ ಮಾತಾಡುವವನು ಅವನು, ಕೆಲಸ ಮುಗಿದ ದಿನ ಪಂಚೆ, ಶಲ್ಯ, ತಾಂಬೂಲ ಪಡೆಯುವವನೂ ಅವನೇ. ಮಂಡಿಯೂರಿ ಉಜ್ಜುವವಳು ಮುನಿಯಕ್ಕ. ನೆಲ ಕನ್ನಡಿ ಹಾಗಿದೆಯಪ್ಪಾ ಎಂದು ಮನೆಯವರು ಹೊಗಳಿದರೆ ಮರಿಯಣ್ಣ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಅವಳು ಹಿತ್ತಲಲ್ಲಿ ಬಾಂಡ್ಲಿ ತೊಳೆಯುತ್ತಿದ್ದಳು.

ಆಮೇಲೆ ಮೊಸಾಯಿಕ್ ಬಂತು, ಗ್ರಾನೈಟ್ ಬಂತು, ಹೊಳೆಯುವ ಟೈಲ್ಸ್ ಬಂತು. ಗಂಡ ಹೆಂಡತಿ ಹಾಕಿದ್ದ ನೆಲವನ್ನು ಅವರೇ ಸುತ್ತಿಗೆ ಹಿಡಿದು ಒಡೆದು ಕೂಲಿ ಪಡೆದದ್ದೂ ಉಂಟು. ಮರಿಯಣ್ಣ ತೀರಿಕೊಂಡು ಈಗ ಹನ್ನೊಂದು ವರ್ಷ. ಮಗ ಮಂಜುನಾಥ್ ಟೈಲ್ಸ್ ಹಾಕುವ ಗುತ್ತಿಗೆದಾರ; ಕೈಕೆಳಗೆ ಆರು ಜನ ಇದ್ದಾರೆ. ಗವಿಪುರದ ಗುಟ್ಟಹಳ್ಳಿಯಲ್ಲಿರುವ ಅವರ ಸ್ವಂತ ಮನೆಯಲ್ಲಿ ಬಿಳಿ ಟೈಲ್ಸ್, ಅದರ ಮೇಲೆ ಗುಲಾಬಿ ಹೂವಿನ ಚಿತ್ರ. ಅದನ್ನು ಆರಿಸಿದವಳು ಸೊಸೆ ಯಶಶ್ರೀ. ಒಂದು ಸಲ ಒರೆಸಿದರೆ ಮುಗಿಯಿತು, ಮಂಡಿನೋವಿನವರಿಗೆ ಇದಕ್ಕಿಂತ ಪುಣ್ಯದ ನೆಲ ಬೇರೆ ಇಲ್ಲ ಎಂದು ಸೊಸೆಯ ಪರ ವಾದಿಸಿದವಳು ಸಾಕ್ಷಾತ್ ಮುನಿಯಕ್ಕ. ಹಳೆಯದೆಲ್ಲ ಚಿನ್ನ ಎನ್ನುವ ರೋಗ ಅವಳಿಗೆ ಇರಲಿಲ್ಲ.

ಇಂಥವಳನ್ನು ಹೋದ ವರ್ಷ ಶ್ರಾವಣದಲ್ಲಿ ಮಂಜುನಾಥ್ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚಾಮರಾಜಪೇಟೆಗೆ ಕರೆದೊಯ್ದ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ವ್ಯಾಪಾರವಿರುವ ರುದ್ರೇಶ್ ಎಂಬವರ ಮನೆ. ಅವರ ತಾತ ತೊಂಬತ್ತು ವರ್ಷದ ಹಿಂದೆ ಕಟ್ಟಿಸಿದ್ದು. ರುದ್ರೇಶ್ ಮೊದಲು ಇಡೀ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಲು ಹೊರಟಿದ್ದರು. ಮುಂದಿನ ಹಜಾರವನ್ನು ಮುಟ್ಟಕೂಡದೆಂದು ತಾಯಿ ವಿಶಾಲಾಕ್ಷಮ್ಮ ಹಟ ಹಿಡಿದರು. ತಿಂಗಳುಗಟ್ಟಲೆ ತಾಯಿ ಮಗ ಒಂದೇ ಪಂಕ್ತಿಯಲ್ಲಿ ಕೂತು ಮುಖ ತಿರುಗಿಸಿಕೊಂಡು ಉಂಡರು. ಕೊನೆಗೆ ಸಂಕರ್ಷಣ ಎಂಬ ಹುಡುಗು ಮುಖದ ಆರ್ಕಿಟೆಕ್ಟ್ ಸಂಧಾನ ಮಾಡಿದ. ಹಿಂದಿನ ಅರ್ಧ ಕೆಡವಿ ಅಲ್ಲಿ ಹೊಸ ಕಟ್ಟಡ; ಮುಂದಿನ ಹಜಾರ, ಅದರ ಮರದ ಕಂಬ, ಕೆಂಪು ನೆಲ ಎಲ್ಲ ಹಾಗೆಯೇ. ಹಳೇ ಹಜಾರದಲ್ಲಿ ಸೀರೆ ಅಂಗಡಿಯ ಶಾಖೆ ತೆರೆದರೆ ಗಿರಾಕಿಗಳು ಹಳೇ ಕಾಲದ ಗತ್ತಿಗೇ ಬರುತ್ತಾರೆಂದು ಅವನು ಹೇಳಿದ್ದೇ ತಡ, ರುದ್ರೇಶರಿಗೆ ಪರಂಪರೆಯ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು. ‘ತೊಂಬತ್ತು ವರ್ಷದ ನೆಲದ ಮೇಲೆ ಕಾಲಿಡಿ’ ಎಂದು ಫಲಕ ಬರೆಸಿ, ಕಾಗದ ಸುತ್ತಿ ಇಟ್ಟೂಬಿಟ್ಟರು.

ಅಷ್ಟರಲ್ಲಿ ಹಿಂದಿನ ಕಟ್ಟಡದ ನೀರಿನ ಪೈಪಿಗೆಂದು ಪ್ಲಂಬರ್ ಹಜಾರದ ನೆಲವನ್ನೇ ಉದ್ದಕ್ಕೆ ಕೊರೆದುಬಿಟ್ಟಿದ್ದ. ಎರಡು ಅಡಿ ಅಗಲದ ಗಾಯ. ಅದಕ್ಕೆ ತೇಪೆ ಹಾಕಲು ಸಂಕರ್ಷಣ ಮೂರು ಕಡೆಯಿಂದ ಕೆಲಸಗಾರರನ್ನು ಕರೆಸಿದ. ಒಬ್ಬನ ತೇಪೆ ಟೊಮೇಟೊ ಗೊಜ್ಜಿನ ಬಣ್ಣಕ್ಕೆ ಬಂತು, ಇನ್ನೊಬ್ಬನದು ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ. ಮೂರನೆಯದು ಬಣ್ಣವೇನೋ ಕೂಡಿ ಬಂತು, ನಾಲ್ಕನೇ ದಿನ ಹಪ್ಪಳದ ಹಾಗೆ ಎದ್ದು ಬಂತು. ಹಿಂದಿನ ಕಟ್ಟಡಕ್ಕೆ ಟೈಲ್ಸ್ ಗುತ್ತಿಗೆ ಹಿಡಿದಿದ್ದ ಮಂಜುನಾಥ್, ನಮ್ಮಮ್ಮನ್ನ ಒಂದ್ಸಲ ಕೇಳಿ ನೋಡಿ ಸಾರ್ ಎಂದಿದ್ದ.

ಮುನಿಯಕ್ಕ ಚಪ್ಪಲಿ ಬಿಟ್ಟು ಹಜಾರಕ್ಕೆ ಕಾಲಿಟ್ಟಳು. ಕಾಲಿಗೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ. ನೇರವಾಗಿ ಪೂಜೆ ಕೋಣೆಯ ಪಕ್ಕದ ಈಶಾನ್ಯ ಮೂಲೆಗೆ ನಡೆದಳು. ನೆಲದ ಸುತ್ತ ನಾಲ್ಕು ಬೆರಳಗಲ ಇದ್ದ ಕಪ್ಪು ಅಂಚು ಆ ಮೂಲೆಯಲ್ಲಿ ಮಾತ್ರ ಎರಡೇ ಬೆರಳಿಗೆ ಇಳಿದಿತ್ತು. ಕೂತು ಬೆರಳಿಟ್ಟು ಅಳೆದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಅಳು ಬಂತೆಂದು ಮಂಜುನಾಥ್ ತಿಳಿದ. ಬಂದದ್ದು ನಗು.

ಎಂಬತ್ತೈದನೇ ಇಸವಿ. ಈ ಮನೆಯ ಕಿರಿಮಗನ ಮದುವೆ ಗೊತ್ತಾಗಿತ್ತು. ಹಜಾರದಲ್ಲಿ ಆಗ ಇದ್ದದ್ದು ಕಲ್ಲು ಚಪ್ಪಡಿ. ಸಂದಿಗಳಲ್ಲಿ ಜಿರಳೆ ಸಂಸಾರ. ಬೀಗರು ಬರುವ ಮೊದಲು ಕೆಂಪು ನೆಲ ಆಗಬೇಕೆಂದು ದೊಡ್ಡ ಯಜಮಾನರು ಮರಿಯಣ್ಣನನ್ನು ಕರೆಸಿದ್ದರು. ಮೂರು ದಿನ ಎಲ್ಲ ಸರಿಯಾಗಿ ನಡೆಯಿತು. ನಾಲ್ಕನೇ ದಿನ ಅಂಚು ಎಳೆಯುವಾಗ, ತಾನೂ ಒಂದು ಬದಿ ಎಳೆಯುತ್ತೇನೆ ಎಂದು ಮುನಿಯಕ್ಕ ಕರಣೆ ಕೇಳಿದಳು. ಕರಣೆ ಹೆಂಗಸಿನ ಕೈಗೆ ಹೋದರೆ ಗೋಡೆ ಡೊಂಕಾಗುತ್ತದೆ ಎಂದ ಮರಿಯಣ್ಣ. ನೆಲಕ್ಕೂ ಗೋಡೆಗೂ ಏನು ಸಂಬಂಧ ಎಂದಳು ಇವಳು. ಮಾತಿಗೆ ಮಾತು ಬೆಳೆದು, ಹಾಗಾದರೆ ನೀನೇ ಮಾಡಿಕೋ ಎಂದು ಅವನು ಕರಣೆ ಎಸೆದು ಹೋಗಿಯೇಬಿಟ್ಟ. ಕಲಸಿದ ಸಿಮೆಂಟು ಗಂಡ ಹೆಂಡಿರ ರಾಜಿಗೆ ಕಾಯುವುದಿಲ್ಲ. ಅವಳು ಕರಣೆ ಎತ್ತಿಕೊಂಡಳು. ನೋಡಿದರೆ ನೇರ ಹಿಡಿಯುವ ನೂಲು ಅವನ ಜೇಬಿನಲ್ಲೇ ಹೋಗಿತ್ತು. ಕಣ್ಣಳತೆಯಲ್ಲಿ ಎಳೆದಳು. ಎರಡು ಗೋಡೆಗೆ ಸರಿಯಾಗಿಯೇ ಬಂತು. ಈ ಮೂಲೆಗೆ ತಲುಪುವಷ್ಟರಲ್ಲಿ ಕಪ್ಪು ಗಾರೆ ಕಡಿಮೆ ಬಿತ್ತು. ಇದ್ದಷ್ಟನ್ನೇ ಸವರಿ ಎದ್ದಳು. ಸಂಜೆ ಮರಿಯಣ್ಣ ಬೋಂಡದ ಪೊಟ್ಟಣದೊಂದಿಗೆ ಹಿಂತಿರುಗಿ, ಅಂಚು ನೋಡಿ, ಪೊಟ್ಟಣ ಅವಳ ಕೈಗಿಟ್ಟ. ಪಂಚೆ, ಶಲ್ಯ ಮಾತ್ರ ಅವನಿಗೇ ಸಂದವು.

ಇದನ್ನೆಲ್ಲ ಹೇಳಬೇಕೆಂದು ಮುನಿಯಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಸಂಕರ್ಷಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಭಕ್ತಿಯಿಂದ ವಿವರಿಸತೊಡಗಿದ. ಇದು ತೊಂಬತ್ತು ವರ್ಷದ ನೆಲ, ಮನೆಯ ಹಿರಿಯರು ವಿಶಾಲಾಕ್ಷಮ್ಮನವರೇ ಹೇಳಿದ್ದಾರೆ, ಅವರ ಅತ್ತೆ ಈ ಮನೆಗೆ ಸೊಸೆಯಾಗಿ ಬರುವಾಗ ಹಾಕಿಸಿದ್ದಂತೆ. ಈ ನೆಲ ಇರುವುದರಿಂದಲೇ ರುದ್ರೇಶ್ ಸಾರ್ ಹಜಾರ ಉಳಿಸಲು ಒಪ್ಪಿದ್ದು, ಅಷ್ಟು ಅಮೂಲ್ಯ.

ಮುನಿಯಕ್ಕ ತಲೆಯೆತ್ತಿ ನೋಡಿದಳು. ಬಾಗಿಲ ಬಳಿ ಕುರ್ಚಿಯಲ್ಲಿ ವಿಶಾಲಾಕ್ಷಮ್ಮ ಮೊರ ತೊಡೆಯ ಮೇಲಿಟ್ಟುಕೊಂಡು ಬೇಳೆ ಆರಿಸುತ್ತಿದ್ದರು. ಆ ವರ್ಷ ದಿನಕ್ಕೆ ಮೂರು ಸಲ ಇವಳಿಗೆ ಮಜ್ಜಿಗೆ ತಂದುಕೊಡುತ್ತಿದ್ದ ಸೊಸೆ ಇವರೇ. ಈಗ ಇವಳನ್ನು ಮೇಲಿಂದ ಕೆಳಕ್ಕೆ ನೋಡಿ, ಯಾವ ಊರಮ್ಮ ನಿಂದು ಎಂದು ಕೇಳಿದರು. ಪಾಪ, ವಯಸ್ಸಾಯಿತು, ಮರೆತಿದ್ದಾರೆ ಎಂದುಕೊಂಡಳು ಮುನಿಯಕ್ಕ.

ಮನೆಗೆ ಬರುವ ದಾರಿಯಲ್ಲಿ ಮಗನಿಗೆ ಹೇಳಿದಳು. ಮಂಜುನಾಥ್ ಸ್ಕೂಟರನ್ನು ರಸ್ತೆ ಬದಿಗೆ ನಿಲ್ಲಿಸಿಯೇಬಿಟ್ಟ.

“ಅಮ್ಮೋ, ಬಾಯಿ ಬಿಟ್ಬಿಟ್ಟೀಯ. ಆ ನೆಲ ನಲವತ್ತು ವರ್ಷದ್ದು ಅಂತ ಗೊತ್ತಾದ್ರೆ ಅವ್ರು ಹಜಾರಾನೂ ಕೆಡವ್ತಾರೆ, ನಿನ್ ಕೆಲ್ಸಾನೂ ಹೋಗುತ್ತೆ, ನಂದೂ ಹೋಗುತ್ತೆ.”

“ಸುಳ್ಳು ಹೇಳು ಅಂತೀಯಾ?”

“ಸುಳ್ಳು ಹೇಳ್ಬೇಡ. ಸುಮ್ನಿರು ಅಷ್ಟೇ.”

ಸುಮ್ಮನಿರುವುದು ಮುನಿಯಕ್ಕನಿಗೆ ಮೊದಲಿನಿಂದಲೂ ಒಗ್ಗದ ಕೆಲಸ. ಆದರೂ ಒಪ್ಪಿದಳು. ಸಂಕರ್ಷಣನಿಗೆ ಎರಡು ಷರತ್ತು ಹಾಕಿದಳು. ಕೂಲಿ ಹೆಣ್ಣಾಳಿನದಲ್ಲ, ಮೇಸ್ತ್ರಿಯದು. ಒಣಗುವ ತನಕ ಹಜಾರದೊಳಗೆ ಯಾರೂ ಕಾಲಿಡಬಾರದು, ರುದ್ರೇಶಪ್ಪನವರೂ ಸೇರಿ. ಅವನು ಎರಡಕ್ಕೂ ತಲೆಯಾಡಿಸಿದ.

ಅವಳು ಕೆಲಸ ಮಾಡುವುದನ್ನು ಸಂಕರ್ಷಣ ಫೋನಿನಲ್ಲಿ ಸೆರೆಹಿಡಿಯುತ್ತಿದ್ದ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಪುಡಿ ಎಷ್ಟು, ಸಿಮೆಂಟು ಎಷ್ಟು ಎಂದು ಕೇಳಿದರೆ ಅವಳು ಬಾಂಡ್ಲಿ ತೋರಿಸಿ ‘ಇಷ್ಟು’ ಎನ್ನುತ್ತಿದ್ದಳು. ನೀರು ಎಷ್ಟು ಎಂದರೆ ‘ಬೇಕಾದಷ್ಟು’. ಅವನು ಅದನ್ನೂ ಬರೆದುಕೊಂಡ. ಹಳೇ ಕಾಲದವರು ಕೋಳಿಮೊಟ್ಟೆಯ ಬಿಳಿ, ಬೆಲ್ಲ, ಅಂಟವಾಳ ಹಾಕುತ್ತಿದ್ದರಂತಲ್ಲ ಎಂದು ಒಂದು ದಿನ ಕೇಳಿದ. ಲಿಂಗಾಯತರ ಮನೆಯಲ್ಲಿ ಕೋಳಿಮೊಟ್ಟೆ ತಂದಿದ್ದರೆ ಮೇಸ್ತ್ರಿಯನ್ನೇ ಗಾರೆಗೆ ಹಾಕುತ್ತಿದ್ದರು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು. ಹೀಗೆ ನುಂಗಿ ನುಂಗಿ ಹೊಟ್ಟೆ ತುಂಬಿದಂತಾಗಿ ಆ ವಾರ ಸರಿಯಾಗಿ ಊಟವೇ ಸೇರಲಿಲ್ಲ.

ಬಣ್ಣ ಕೂಡಿಸುವುದು ಸುಲಭವಾಗಲಿಲ್ಲ. ಪುಡಿ ಅದೇ ಆದರೂ ನಲವತ್ತು ವರ್ಷದ ಕಾಲ್ತುಳಿತ ಅದರಲ್ಲಿರಲಿಲ್ಲ. ಒಂದು ಚಿಟಿಕೆ ಕಪ್ಪು ಬೆರೆಸಿದಳು, ತುಸು ಹಳೇ ನೆಲದ ಪುಡಿಯನ್ನೇ ಜರಡಿ ಹಿಡಿದು ಸೇರಿಸಿದಳು. ಒಂದೇ ಪಟ್ಟಿನಲ್ಲಿ ಹಾಕಿ, ಮಧ್ಯಾಹ್ನದ ಊಟಕ್ಕೂ ಏಳದೆ, ಕಲ್ಲಿನಿಂದ ಉಜ್ಜಿದಳು. ಮಂಡಿ ಕೂಗಿಕೊಂಡಿತು, ಕೈ ಮಾತ್ರ ಹಳೆಯ ಲಯ ಹಿಡಿದು ತಾನಾಗಿ ಹೋಗುತ್ತಿತ್ತು. ಹತ್ತು ದಿನ ಒದ್ದೆ ಗೋಣಿ ಹೊದಿಸಿ ಇಟ್ಟು ತೆಗೆದಾಗ, ತೇಪೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹುಡುಕಲು ಸಂಕರ್ಷಣ ನೆಲಕ್ಕೆ ಕೆನ್ನೆಯಿಟ್ಟು ಮಲಗಬೇಕಾಯಿತು.

ಆ ಭಾನುವಾರ ಅವನು ಹಳೇ ಮನೆಗಳನ್ನು ತೋರಿಸುವ ನಡಿಗೆಗೆಂದು ಇಪ್ಪತ್ತು ಜನರನ್ನು ಕರೆತಂದ. ಎಲ್ಲರ ತಲೆಯಲ್ಲೂ ಟೋಪಿ, ಕೈಯಲ್ಲಿ ನೀರಿನ ಬಾಟಲಿ. ಮುನಿಯಕ್ಕ ಮೂಲೆಯಲ್ಲಿ ಕೊಬ್ಬರಿ ಎಣ್ಣೆ ಬಟ್ಟೆ ಹಿಡಿದು ಕೊನೆಯ ಹೊಳಪು ಕೊಡುತ್ತಿದ್ದಳು. ರುದ್ರೇಶ್ ಫಲಕದ ಕಾಗದ ಬಿಚ್ಚಿಸಿ ಗೋಡೆಗೆ ಒರಗಿಸಿದ್ದರು. ಸಂಕರ್ಷಣ ಕಂಬ ತೋರಿಸಿದ, ಸೂರು ತೋರಿಸಿದ, ಕೊನೆಗೆ ಎಲ್ಲರನ್ನೂ ಈಶಾನ್ಯ ಮೂಲೆಗೆ ತಂದ.

ಇಲ್ಲಿ ನೋಡಿ, ಎಂದು ಶುರುಮಾಡಿದ. ಎಲ್ಲ ಕಡೆ ದಪ್ಪ ಇರುವ ಅಂಚು ಇಲ್ಲಿ ಬೇಕೆಂದೇ ಸಣ್ಣದಾಗಿದೆ. ಈಶಾನ್ಯ ದೇವಮೂಲೆ, ಅಲ್ಲಿ ಭಾರ ಇರಬಾರದು ಎಂಬ ವಾಸ್ತು ತತ್ವ. ಯಾವ ಶಾಲೆಯಲ್ಲೂ ಕಲಿಯದ ಆ ಶಿಲ್ಪಿಗೆ ಎಂಥ ಜ್ಞಾನ ಇತ್ತೆಂದು ಯೋಚಿಸಿ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ಕೈ ಮಾತ್ರ ಉಳಿದಿದೆ.

ಇಪ್ಪತ್ತು ಜನ ಒಟ್ಟಿಗೆ ಅಂಚಿನ ಫೋಟೋ ತೆಗೆದರು.

ಮುನಿಯಕ್ಕ ವಾಸ್ತುವನ್ನು ಸಹಿಸಿಕೊಂಡಳು, ಶಿಲ್ಪಿಯನ್ನೂ ಸಹಿಸಿಕೊಂಡಳು. ‘ಅವನ’ ಎಂಬ ಮಾತನ್ನು ಮಾತ್ರ ಸಹಿಸಿಕೊಳ್ಳಲಾಗಲಿಲ್ಲ.

“ಅವನಲ್ಲ ಸ್ವಾಮಿ, ನಾನು,” ಎಂದಳು ಕೂತಲ್ಲಿಂದಲೇ. “ಕಪ್ಪು ಗಾರೆ ಮುಗಿದೋಗಿತ್ತು. ನಮ್ ಯಜಮಾನ್ರು ಜಗಳ ಆಡ್ಕೊಂಡು ನೂಲು ಜೇಬಲ್ಲಿ ಇಟ್ಕೊಂಡೇ ಎದ್ದೋಗಿದ್ರು.”

ಸಂಕರ್ಷಣ ಮೊದಲು ನಕ್ಕ. ಅವಳು ನಗದಿರುವುದನ್ನು ಕಂಡು ನಿಲ್ಲಿಸಿದ. ಅವಳು ಎಂಬತ್ತೈದನೇ ಇಸವಿಯ ಕಥೆಯನ್ನು ಜಿರಳೆಯಿಂದ ಹಿಡಿದು ಬೋಂಡದ ತನಕ ಹೇಳಿದಳು. ನಡಿಗೆಯವರು ಫೋನುಗಳನ್ನು ಅಂಚಿನಿಂದ ಅವಳ ಮುಖಕ್ಕೆ ತಿರುಗಿಸಿದರು. ಹೊರಗೆ ನಿಂತಿದ್ದ ಮಂಜುನಾಥ್ ಕಂಬಕ್ಕೆ ಹಣೆ ಒತ್ತಿಕೊಂಡ. ಕೊನೆಗೆ ಸಂಕರ್ಷಣ ವಿಶಾಲಾಕ್ಷಮ್ಮನ ಕಡೆ ತಿರುಗಿ, ಅಮ್ಮಾ, ನೀವು ತೊಂಬತ್ತು ವರ್ಷ ಅಂದಿದ್ದಿರಿ ಎಂದ.

ವಿಶಾಲಾಕ್ಷಮ್ಮ ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. “ಕೆಳಗಿರೋ ಚಪ್ಪಡಿ ತೊಂಬತ್ತು ವರ್ಷದ್ದೇ. ಮೇಲಿನದು ಇವ್ಳೇ ಹಾಕಿದ್ದು. ನಮ್ಮ ಮೈದುನನ ಮದುವೆಗೆ.”

ರುದ್ರೇಶರ ಮುಖ ಟೊಮೇಟೊ ಗೊಜ್ಜಿಗೂ ಬೀಟ್‌ರೂಟ್ ಪಲ್ಯಕ್ಕೂ ನಡುವೆ ಎಲ್ಲೋ ನಿಂತಿತು. ಅತಿಥಿಗಳು ಹೋದ ಮೇಲೆ ಅವರು ಫಲಕವನ್ನು ತಾವೇ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟು, ಮಂಜುನಾಥನನ್ನು ಕರೆದು, ಈ ಹಜಾರಕ್ಕೂ ಟೈಲ್ಸ್ ಹಾಕಲು ಎಷ್ಟು ದಿನ ಬೇಕು ಎಂದು ಕೇಳಿದರು. ನಲವತ್ತು ವರ್ಷದ ಸಿಮೆಂಟು ಉಳಿಸಲು ನಾನು ಒಂದು ಅಂತಸ್ತು ಬಿಟ್ಟುಕೊಟ್ಟೆನಲ್ಲ ಎಂದು ತಾಯಿಗೂ ಕೇಳಿಸುವ ಹಾಗೆ ಹೇಳಿದರು.

“ನಿಂಗೂ ನಲವತ್ತೈದು ಆಯ್ತು ರುದ್ರೇಶ,” ಎಂದರು ವಿಶಾಲಾಕ್ಷಮ್ಮ. “ಹಳೇದೂ ಅಲ್ಲ, ಹೊಸದೂ ಅಲ್ಲ. ಹಂಗಂತ ನಿನ್ನ ತೆಗೆದು ಬೇರೆ ಹಾಕ್ಸೋಕಾಗುತ್ತಾ?”

ಮಂಜುನಾಥನಿಗೆ ಅದು ಬದುಕಿನ ಅತಿ ಕಷ್ಟದ ಗಳಿಗೆ. ಕೈಗೆ ಬಂದ ಕೆಲಸ. ಅವನು ತೇಪೆಯ ಮೇಲೆ ಗೆಣ್ಣಿನಿಂದ ತಟ್ಟಿದ, ಹಳೇ ನೆಲದ ಮೇಲೆ ತಟ್ಟಿದ, ಮತ್ತೆ ತೇಪೆಯ ಮೇಲೆ ತಟ್ಟಿದ. ಎಲ್ಲ ಒಂದೇ ದನಿ. ಟೈಲ್ಸ್ ಹಾಕಿಕೊಡ್ತೀನಿ ಸಾರ್, ಆದರೆ ಹತ್ತು ವರ್ಷಕ್ಕೆ ಮತ್ತೆ ನನ್ನನ್ನೇ ಕರೀಬೇಕಾಗುತ್ತೆ. ಇದಕ್ಕೆ ಇನ್ನೂ ಐವತ್ತು ವರ್ಷ ಏನೂ ಆಗಲ್ಲ ಎಂದ. ಹೇಳಿ, ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂದವನಂತೆ ಹೊರಗೆ ಹೋಗಿ ಸ್ಕೂಟರಿನ ಮೇಲೆ ಕೂತ.

ರುದ್ರೇಶ್ ಅಂದು ನಿರ್ಧಾರ ಹೇಳಲಿಲ್ಲ. ಎರಡು ದಿನವಾದ ಮೇಲೆ ಅವರ ಮಗಳು ಹರ್ಷಿತಾ ಫೋನು ತಂದು ತೋರಿಸಿದಳು. ನಡಿಗೆಯವರು ಹಾಕಿದ್ದ ಮುನಿಯಕ್ಕನ ವಿಡಿಯೋ ಊರೆಲ್ಲ ಸುತ್ತಿತ್ತು. ಆ ಜಗಳದ ಅಂಚು ಎಲ್ಲಿದೆ, ಅಂಗಡಿ ಯಾವಾಗ ತೆರೆಯುತ್ತದೆ ಎಂದು ಜನ ಕೇಳುತ್ತಿದ್ದರು. ವಾಸ್ತುವಿನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ರುದ್ರೇಶರಿಗೆ ಪರಂಪರೆಯ ಮೇಲೆ ಎರಡನೇ ಸಲ ಪ್ರೀತಿ ಹುಟ್ಟಿತು.

ಆ ನಡುವೆ ಒಂದು ಮಧ್ಯಾಹ್ನ ವಿಶಾಲಾಕ್ಷಮ್ಮ ಮುನಿಯಕ್ಕನಿಗೆ ಮಜ್ಜಿಗೆ ತಂದಿಟ್ಟು ಎದುರು ಕೂತರು. ಮೊದಲ ದಿನವೇ ನಿನ್ನ ಗುರುತು ಸಿಕ್ಕಿತ್ತು ಎಂದರು. ಹಜಾರ ಉಳಿಸಲು ಬೇರೆ ದಾರಿ ಇರಲಿಲ್ಲ. ನೀನು ಬಾಯಿ ಬಿಟ್ಟೀಯ ಎಂದು ಎದೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೇ ಗುರುತಿಲ್ಲದವರ ಹಾಗೆ ಇದ್ದೆ.

“ನಾನು ನಿಮಗೆ ಮರೆವು ಅಂದ್ಕೊಂಡೆ ಅಮ್ಮಾವ್ರೇ.”

“ಆಮೇಲೆ ನೀನು ಸುಮ್ನಿದ್ದಿದ್ದು ನೋಡಿ ನಾನು ನಿಂಗೆ ಮರೆವು ಅಂದ್ಕೊಂಡೆ.”

ಇಬ್ಬರೂ ಸ್ವಲ್ಪ ಹೊತ್ತು ನಕ್ಕರು. ಆಮೇಲೆ ವಿಶಾಲಾಕ್ಷಮ್ಮ ದನಿ ತಗ್ಗಿಸಿ, ಅವತ್ತು ನೀನು ಮೂಲೆಗೆ ಬಂದಾಗ ಗಾರೆ ಮುಗಿದದ್ದು ನನಗೂ ಕಂಡಿತ್ತು, ಮಾವನವರಿಗೆ ಹೇಳದೆ ಆ ಮೂಲೆಗೆ ಅಕ್ಕಿ ಡಬ್ಬ ಇರಿಸಿದ್ದೆ, ಹನ್ನೆರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ ಎಂದರು. ಮುನಿಯಕ್ಕನಿಗೆ ಇದು ಹೊಸ ಸುದ್ದಿ. ಗ್ಲಾಸು ಕೆಳಗಿಟ್ಟು ಅವರ ಕಾಲು ಮುಟ್ಟಲು ಹೋದಳು. ಅವರು ಕಾಲು ಹಿಂದಕ್ಕೆಳೆದುಕೊಂಡು ಮಜ್ಜಿಗೆ ಇನ್ನಷ್ಟು ಬೇಕೇ ಎಂದು ಕೇಳಿದರು.

ಅವರಿಬ್ಬರಿಗಿಂತ ಸಂಕರ್ಷಣನಿಗೇ ಚೇತರಿಸಿಕೊಳ್ಳಲು ಹೆಚ್ಚು ದಿನ ಹಿಡಿಯಿತು. ಬರೆದಿಟ್ಟಿದ್ದ ವರದಿಯ ನಾಲ್ಕು ಪುಟ ಹೊಡೆದುಹಾಕಬೇಕಾಯಿತು. ಮುನಿಯಕ್ಕನ ಮುಂದೆ ಕೂತು ಮೊದಲಿನಿಂದ ಕೇಳಿದ: ಯಾವ ವರ್ಷ, ಯಾವ ಮನೆ, ಕರಣೆ ಯಾರದು, ಕಲ್ಲು ಯಾರದು. ಹೊಸ ಫಲಕಕ್ಕೆ ಹೆಸರು ಹೇಗೆ ಬರೆಸಲಿ ಎಂದಾಗ ಅವಳು ಗಂಡನ ಹೆಸರನ್ನು ಬಾಯಲ್ಲಿ ಹೇಳಲಾರದೆ ಮಗನಿಂದ ಹೇಳಿಸಿದಳು. ತನ್ನದನ್ನು ತಾನೇ ಹೇಳಿದಳು, ಮೊದಲು ಬರುವ ಹಾಗೆ.

ದೀಪಾವಳಿಗೆ ಸೀರೆ ಅಂಗಡಿ ತೆರೆಯಿತು. ಹಿಂದೆ ಮೂರು ಅಂತಸ್ತಿನ ಗಾಜಿನ ಕಟ್ಟಡ, ಅದರಲ್ಲಿ ಮಂಜುನಾಥನ ಟೈಲ್ಸ್; ಮುಂದೆ ಹಜಾರ. ಬಂದ ಹೆಂಗಸರು ಸೀರೆಗಿಂತ ಮೊದಲು ಮೂಲೆ ನೋಡುತ್ತಾರೆ. ಕೆಲವರು ಮನೆಗೆ ಹೋಗಿ ಗಂಡಂದಿರಿಗೆ ಕಥೆ ಹೇಳುತ್ತಾರಂತೆ, ಸ್ವಲ್ಪ ಒತ್ತಿ.

ಮುನಿಯಕ್ಕನಿಗೆ ಈಗ ಕೈತುಂಬ ಕೆಲಸ. ವಾರದ ಹಿಂದೆ ಮಲ್ಲೇಶ್ವರದಿಂದ ಶೈಲಜಮ್ಮ ಎಂಬವರು ಕರೆಸಿದ್ದರು. ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು, ಕಲ್ಲಿನ ಚೀಲ ಹೊತ್ತುಕೊಂಡು ಹೋದಳು. ಅವರಿಗೆ ಕೆಂಪು ಬೇಡ. ತಮ್ಮ ತವರಿನಲ್ಲಿದ್ದಂಥ ಹಸಿರು ಗಾರೆ ನೆಲ ಬೇಕು, ಆಗುತ್ತದೆಯೇ ಎಂದು ಕೇಳಿದರು. ಆಗದೇ ಏನು, ಹಸಿರಿನ ಹದ ಬೇರೆ, ಹದಿನೈದು ದಿನ ಬಿಟ್ಟು ಬರುತ್ತೇನೆ ಎಂದು ಮುನಿಯಕ್ಕ ಗಂಭೀರವಾಗಿ ನುಡಿದಳು. ತಾನು ಹುಟ್ಟಿದಾಗಿನಿಂದ ಒಂದು ಗೇಣು ಹಸಿರು ನೆಲವನ್ನೂ ಹಾಕಿಲ್ಲವೆಂಬುದನ್ನು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಸದ್ಯ ಗುಟ್ಟಹಳ್ಳಿಯ ಅವಳ ಮನೆಯ ತಾರಸಿಯ ಮೇಲೆ ಒಂದೊಂದು ಮೊಳದ ಏಳು ಹಸಿರು ತುಂಡುಗಳು ಒಣಗುತ್ತಿವೆ. ಬಟ್ಟೆ ಹರವಲು ಜಾಗವಿಲ್ಲವೆಂದು ಯಶಶ್ರೀ ಮುಖ ಊದಿಸಿಕೊಂಡಿದ್ದಾಳೆ. ಐದನೆಯ ತುಂಡು ಪರವಾಗಿಲ್ಲ ಎಂಬುದು ಮಂಜುನಾಥನ ಅಭಿಪ್ರಾಯ.